ಮಾರ್ಥಾಳ ಪಕ್ಕದ ಮನೆಯಾಕೆ

ಆಳಂದ
ಫೆಬ್ರುವರಿ ೫, ಶುಕ್ರವಾರ, ಸಂಜೆ
ಗಂಗಾಬಾಯಿಯವರ ಮನೆಯ ಹಿಂದಿನ ಕೋಣೆ

ಹರಿ ಅವರಿಗೆ,

ವೃಂದಾಳ ನಮಸ್ಕಾರ. ಹದಿನೇಳು ವರ್ಷಗಳ ನಂತರ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವಳು ಜೇವರ್ಗಿಯ ನಾಗರತ್ನಾ, ನಿಮ್ಮ ಚಿಕ್ಕಪ್ಪನ ಮಗಳು. ನೀವು ಸೊನ್ನದ ಬ್ಯಾರೇಜಿನ ಕೆಲಸದಿಂದ ನಿವೃತ್ತರಾಗಿ ಅಫಜಲಪುರದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೀರಿ, ಮೊಣಕಾಲು ನೋಯುತ್ತದೆ, ಅಡುಗೆ ನೀವೇ ಮಾಡಿಕೊಳ್ಳುತ್ತೀರಿ ಎಂಬುದೂ ಆಕೆಯಿಂದಲೇ ತಿಳಿಯಿತು.

ಗಾಬರಿಯಾಗಬೇಡಿ. ನನಗೆ ಕಾಯಿಲೆಯಿಲ್ಲ. ನಿಮ್ಮಿಂದ ಏನೂ ಬೇಕಾಗಿಲ್ಲ. ಬರುವ ಬುಧವಾರ ನಮ್ಮ ಓಣಿಗೆ ಜನಗಣತಿಯವರು ಬರುತ್ತಾರೆ. ಅವರು ಕೇಳುವ ಒಂದು ಪ್ರಶ್ನೆಗೆ ನಾನು ಕೊಡಬೇಕಾದ ಉತ್ತರದಲ್ಲಿ ನೀವಿದ್ದೀರಿ. ಅದಕ್ಕಾಗಿ ಈ ಪತ್ರ.

ನಾನು ಕಲಿಸುತ್ತಿದ್ದ ಖಾಸಗಿ ಶಾಲೆ ಆರು ವರ್ಷದ ಹಿಂದೆ ಮುಚ್ಚಿತು. ಈಗ ಕಲಬುರಗಿಯ ಒಂದು ಕಚೇರಿಯವರು ಕಂಪ್ಯೂಟರಿನಲ್ಲಿ ಕಳಿಸುವ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡುತ್ತೇನೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಹತ್ತು ವರ್ಷಕ್ಕೊಮ್ಮೆ ಬರೆದ ಜನಗಣತಿಯ ಪುಟಗಳ ಚಿತ್ರಗಳು ಬರುತ್ತವೆ. ಗಣತಿಯವನ ಕೈಬರಹವನ್ನು ಓದಿ, ಹೆಸರು, ಮನೆಯೊಡೆಯನಿಗೆ ಏನಾಗಬೇಕು, ಮದುವೆಯಾಗಿದೆಯೇ, ವಯಸ್ಸು, ಕೆಲಸ, ಹುಟ್ಟಿದ ಊರು, ಇಷ್ಟನ್ನು ಟೈಪು ಮಾಡಬೇಕು. ಅಲ್ಲಿಯ ಜನ ತಮ್ಮ ಮುತ್ತಜ್ಜ ಮುತ್ತಜ್ಜಿಯರನ್ನು ಹುಡುಕಿಕೊಳ್ಳಲು ಇದು ಬೇಕಂತೆ. ಭಾಷಾಂತರದ ಕಾದಂಬರಿ ಓದುವಾಗ ಪಾತ್ರಗಳ ಹೆಸರು ಮರೆಯಬಾರದೆಂದು ಕೊನೆಯ ಖಾಲಿ ಪುಟದಲ್ಲಿ ಯಾರು ಯಾರಿಗೆ ಏನು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೆನಲ್ಲ? ಲೈಬ್ರರಿಯವರು ಬೈಯುತ್ತಾರೆ ಎಂದು ನೀವು ನಗುತ್ತಿದ್ದಿರಿ. ಆ ಅಭ್ಯಾಸ ಈಗ ಉದ್ಯೋಗವಾಗಿದೆ.

ಕಳೆದ ಮಳೆಗಾಲದಲ್ಲಿ ೧೮೭೧ರ ಒಂದು ಪುಟ ಬಂತು. ನೇಯ್ಗೆ ಗಿರಣಿಗಳ ಊರು. ಒಂದು ಸಾಲಿನಲ್ಲಿ ಮಾರ್ಥಾ ಹೆಲಿವೆಲ್ ಎಂಬವಳು ಇದ್ದಳು. ಮನೆಯೊಡತಿ ಅವಳೇ, ಗಿರಣಿಯಲ್ಲಿ ಮಗ್ಗದ ಕೆಲಸ, ವಯಸ್ಸು ಮೂವತ್ತಾರು. ‘ಮದುವೆಯಾಗಿದೆ’ ಎಂದಿತ್ತು. ಆದರೆ ಮನೆಯಲ್ಲಿ ಗಂಡನಿರಲಿಲ್ಲ. ಹದಿನಾಲ್ಕು ವರ್ಷದ ಮಗನೊಬ್ಬನಿದ್ದ. ಅಂಥ ಸಾಲುಗಳನ್ನು ನೂರಾರು ಟೈಪು ಮಾಡಿದ್ದೇನೆ. ಇದೊಂದನ್ನು ಯಾಕೆ ಹಿಂಬಾಲಿಸಿದೆ ಎಂದು ಕೇಳಬೇಡಿ.

೧೮೬೧ರಲ್ಲಿ ಗಂಡ ಸಿಕ್ಕ. ಜೋಸೆಫ್, ಮೂವತ್ತೊಂದು ವರ್ಷ, ಕೈಯಿಂದ ಉಣ್ಣೆ ಬಾಚುವವನು. ಅಷ್ಟರಲ್ಲಿ ಆ ಕೆಲಸಕ್ಕೆ ಯಂತ್ರ ಬಂದಿತ್ತು, ಅವನ ಓಣಿಯಲ್ಲಿ ಅದನ್ನು ಮಾಡುತ್ತಿದ್ದವನು ಅವನೊಬ್ಬನೇ ಉಳಿದಿದ್ದ. ಆಗ ಮಾರ್ಥಾಳಿಗೆ ಇಪ್ಪತ್ತೆಂಟು. ಹತ್ತು ವರ್ಷಗಳಲ್ಲಿ ಆಕೆ ಎಂಟೇ ವರ್ಷ ದೊಡ್ಡವಳಾಗಿದ್ದಳು. ೧೮೮೧ರಲ್ಲಿ ನಲವತ್ತಮೂರು. ಅಲ್ಲಿ ಮದುವೆಯ ಅಂಕಣದಲ್ಲಿ ‘ವಿಧವೆ’ ಎಂದು ಬರೆಸಿದ್ದಳು.

ಪಾಪ, ಜೋಸೆಫ್ ಸತ್ತಿದ್ದಾನೆ ಎಂದುಕೊಂಡೆ. ಆದರೂ ಒಮ್ಮೆ ಅವನ ಹೆಸರು ಹಾಕಿ ಹುಡುಕಿದೆ. ಅದೇ ವರ್ಷ, ಇಪ್ಪತ್ತು ಮೈಲಿ ಆಚೆಯ ಊರಿನಲ್ಲಿ, ಯಾರದೋ ಮನೆಯಲ್ಲಿ ಬಾಡಿಗೆದಾರನಾಗಿ ಸಿಕ್ಕ. ಹುಟ್ಟಿದ ಹಳ್ಳಿ ಅದೇ, ವಯಸ್ಸು ಸರಿಯಾಗಿ ಐವತ್ತೊಂದು. ರೈಲು ದಾರಿಯಲ್ಲಿ ಕೂಲಿ. ಅವನೇ ಇವನೆಂದು ಪ್ರಮಾಣ ಮಾಡಲಾರೆ, ಆದರೆ ಆ ಹಳ್ಳಿಯಲ್ಲಿ ಹುಟ್ಟಿದ ಬೇರೆ ಜೋಸೆಫ್ ಹೆಲಿವೆಲ್ ನನಗೆ ಎಲ್ಲೂ ಸಿಗಲಿಲ್ಲ. ಅವನು ಬರೆಸಿದ್ದು ‘ಮದುವೆಯಾಗಿದೆ’ ಎಂದು.

ಮತ್ತೆ ಹತ್ತು ವರ್ಷ. ೧೮೯೧ರಲ್ಲಿ ಮಾರ್ಥಾ ಅದೇ ಓಣಿಯಲ್ಲಿ, ವಿಧವೆ. ಜೋಸೆಫ್ ಆಚೆಯ ಊರಿನಲ್ಲೇ ಬೇರೊಂದು ಬಾಡಿಗೆ ಕೋಣೆಯಲ್ಲಿ, ಈ ಸಲ ‘ವಿಧುರ’. ಅವರ ಗಣತಿ ಭಾನುವಾರ ರಾತ್ರಿ ಯಾರು ಎಲ್ಲಿ ಮಲಗಿದ್ದರು ಎಂಬ ಲೆಕ್ಕದ್ದು. ಇಬ್ಬರೂ ಒಬ್ಬರನ್ನೊಬ್ಬರು ಕಾಗದದ ಮೇಲೆ ಕೊಂದು, ಒಂದೇ ಭಾನುವಾರ ಇಪ್ಪತ್ತು ಮೈಲಿ ಅಂತರದಲ್ಲಿ ಮಲಗಿದ್ದರು. ಆಮೇಲೆ ನಾಲ್ಕು ದಿನ ನಾನು ಕಂಪ್ಯೂಟರ್ ತೆರೆಯಲಿಲ್ಲ.

ಯಾಕೆ ಎಂಬುದನ್ನು ಈಗ ಹೇಳಬೇಕು. ಆಳಂದದಲ್ಲಿ ನಾನು ವಿಧವೆ.

ಮನೆ ಕೇಳಲು ಬಂದ ದಿನ ನನ್ನ ಕೊರಳೂ ಹಣೆಯೂ ಖಾಲಿ ಇದ್ದವು. ನೋಡಿದ ಮನೆಯೊಡತಿ ಗಂಗಾಬಾಯಿ ಹಾಗೆಂದು ತಿಳಿದುಕೊಂಡರು. ನಾನು ತಿದ್ದಲಿಲ್ಲ. ಎಂಟು ತಿಂಗಳ ನಂತರ ಹೋದ ಸಲದ ಜನಗಣತಿ ಬಂತು. ನಾನು ಶಾಲೆಯಲ್ಲಿದ್ದೆ. ನನ್ನ ಪರವಾಗಿ ಗಂಗಾಬಾಯಿಯೇ ಎಲ್ಲ ಬರೆಸಿದರು. ಅಲ್ಲಿಂದ ಇಲ್ಲಿಯವರೆಗೆ ಸರಕಾರದ ಲೆಕ್ಕದಲ್ಲೂ ನಾನು ಅದೇ.

ಗಂಗಾಬಾಯಿ ನಿಂಬರ್ಗಾದ ಒಕ್ಕಲುತನದ ಮನೆಯವರು. ಗಂಡ ಚಂದಪ್ಪನವರು ತೀರಿಕೊಂಡು ಇಪ್ಪತ್ತೆರಡು ವರ್ಷ. ಮಗ ಗುರುಶಾಂತ ಖಜೂರಿ ದಾರಿಯಲ್ಲಿ ಸೋಲಾಪುರಕ್ಕೆ ಲಾರಿ ಓಡಿಸುತ್ತಾನೆ. ಸೊಸೆ ಭಾಗ್ಯಾ ಮನೆ ನೋಡಿಕೊಳ್ಳುತ್ತಾಳೆ. ನಾನು ಇಲ್ಲಿ ಯಾರ ಮನೆಗೂ ಹೋಗುವವಳಲ್ಲ. ದಿನದಲ್ಲಿ ನನ್ನೊಡನೆ ಮಾತಾಡುವ ಮನುಷ್ಯರೆಂದರೆ ಗಂಗಾಬಾಯಿ ಒಬ್ಬರೇ. ಕೆಲವು ದಿನ ಅವರು ಊರಿಗೆ ಹೋದರೆ, ಸಂಜೆ ಹೊತ್ತಿಗೆ ನನ್ನ ದನಿ ನನಗೇ ಹೊಸದೆನಿಸುತ್ತದೆ.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಈ ಓಣಿಯಲ್ಲಿ ಮನೆಮನೆಗೂ ಅರಿಶಿಣ-ಕುಂಕುಮ. ನಮ್ಮ ಮನೆಯದು ಇವತ್ತಿತ್ತು. ಮುಂದಿನ ಪಡಸಾಲೆಯಲ್ಲಿ ಭಾಗ್ಯಾ ಮುತ್ತೈದೆಯರಿಗೆ ಕುಂಕುಮ ಹಚ್ಚಿ, ಎಳ್ಳುಬೆಲ್ಲ ಮತ್ತು ಒಂದೊಂದು ಸ್ಟೀಲಿನ ಬಟ್ಟಲು ಕೊಡುತ್ತಾಳೆ. ಆ ಹೊತ್ತಿನಲ್ಲಿ ಗಂಗಾಬಾಯಿ ಹೊರಗೆ ಬರುವುದಿಲ್ಲ. ಬರಬೇಡಿ ಎಂದು ಯಾರೂ ಹೇಳಿಲ್ಲ, ಅವರೇ ಬರುವುದಿಲ್ಲ. ಒಳಮನೆಯಲ್ಲಿ ನಾನೂ ಅವರೂ ಎದುರು ಬದುರು ಕುಳಿತು ಹಸಿ ಕಡಲೆ ಸುಲಿಯುತ್ತೇವೆ. ಹದಿನಾರು ವರ್ಷವೂ ಹೀಗೇ.

“ಹೊರಗಿನಾಕಿಯರಿಗಿ ಖಾಲಿ ಬಟ್ಟಲ, ನಮಗ ಬುಟ್ಟಿ ತುಂಬ ಕಡ್ಲಿ. ಯಾರ್ದು ಲಾಭ ಹೇಳ್ರಿ ಅಕ್ಕೋರ?” ಎಂದರು ಇವತ್ತು. ಪ್ರತಿ ವರ್ಷ ಹೀಗೇ ಏನಾದರೊಂದು ಹೇಳುತ್ತಾರೆ. ಶಾಲೆ ಮುಚ್ಚಿದರೂ ಅವರಿಗೆ ನಾನು ಅಕ್ಕೋರೇ.

ಅಷ್ಟರಲ್ಲಿ ವಿದ್ಯಾವತಿ ಒಳಗೆ ಇಣುಕಿದಳು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ಸರಕಾರಿ ಶಾಲೆಯ ಶಿಕ್ಷಕಿ. ನಮ್ಮ ಓಣಿಯ ಗಣತಿ ಅವಳಿಗೆ ಬಿದ್ದಿದೆ. “ಅಕ್ಕೋರ, ಬುಧವಾರ ಮುಂಜಾನಿ ಬರ್ತೇನಿ. ಎಲ್ಲೂ ಹೋಗಬ್ಯಾಡ್ರಿ ಮತ್ತ” ಎಂದಳು.

“ಅಕ್ಕೋರು ಎಲ್ಲಿಗಿ ಹೋಗ್ತಾರಬೇ?” ಎಂದು ಗಂಗಾಬಾಯಿ ನಕ್ಕರು. “ಹೋದ ಸಲ ಅವರ್ದು ನಾನೇ ಹೇಳೀನಿ. ಈ ಸಲಾನೂ ಹೇಳ್ತೇನಿ, ಎಲ್ಲಾ ನನಗ ಬಾಯಿಪಾಠ ಅದ.”

ವಿದ್ಯಾವತಿ ಹೋದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಮಾರ್ಥಾಳ ಕಥೆ ಹೇಳಿದೆ. ನನ್ನ ಕೆಲಸದಲ್ಲಿ ಕಂಡ ಕಥೆ ಎಂಬಂತೆ, ಸಾಲು ಸಾಲಾಗಿ, ವರ್ಷ ಬಿಡದೆ. ಗಂಗಾಬಾಯಿ ಕಡಲೆ ಸುಲಿಯುವುದನ್ನು ನಿಲ್ಲಿಸಿ ಕೇಳಿದರು.

“ಗಂಡ ಇದ್ದಾಗನ ಸತ್ತಾನ ಅಂತ ಬರಸಿದ್ಳು? ಎಂಥ ಎದಿ ಇರಬೇಕು ಅಕಿಗಿ!”

ಹೊಟ್ಟೆಪಾಡಿಗೆ ಇರಬಹುದು, ಬಿಟ್ಟುಹೋದ ಗಂಡನ ಹೆಂಡತಿಗಿಂತ ವಿಧವೆಗೆ ಜನ ಬೇಗ ಬಾಗಿಲು ತೆರೆಯುತ್ತಾರೆ ಎಂದೆ.

“ಹೌದ್ರಿ, ಖರೇ ಅದ. ನಾ ಅಕಿಗಿ ಬೈಯಂಗಿಲ್ಲ” ಎಂದರು. ಆಮೇಲೆ, “ಬಾಜೂ ಮನ್ಯಾಗ ಯಾರಿದ್ರು?” ಎಂದು ಕೇಳಿದರು.

ನನಗೆ ನೆನಪಿತ್ತು. ಆ ಪುಟದ ಮುಂದಿನ ಸಾಲೇ ಅದು. ಎಲೆನ್ ಎಂಬ ಹೆಂಗಸು, ವಿಧವೆ, ಬಟ್ಟೆ ಒಗೆಯುವವಳು. ೧೮೮೧ರಲ್ಲೂ ೧೮೯೧ರಲ್ಲೂ ಮಾರ್ಥಾಳ ಪಕ್ಕದ ಮನೆಯಾಕೆ ಅವಳೇ.

“ಅಕಿ ಖರೇ ಗಂಡ ಸತ್ತಾಕಿ ಏನ್ರಿ?”

ಹೌದು, ಅವಳ ಗಂಡ ಸತ್ತದ್ದು ಚರ್ಚಿನ ದಾಖಲೆಯಲ್ಲಿದೆ ಎಂದೆ.

“ಹಂಗಾದ್ರ ಅಕಿದು ನೋಡ್ರಿ ಸಂಕಟ” ಎಂದರು ಗಂಗಾಬಾಯಿ. “ಇಬ್ರೂ ಕೂಡಿ ಕುಂತು ಅತ್ತಿರತಾರ. ನಿನಗ ನಾ, ನನಗ ನೀ ಅಂದಿರತಾರ. ಒಂದಿನ ಆ ಗಂಡಸು ಅಂಗಳದಾಗ ಬಂದು ನಿಂತನಂದ್ರ, ಇಕಿ ಹಚ್ಕೊಂಡು ಅತ್ತದ್ದೆಲ್ಲಾ ಏನಾತು? ಸರಕಾರಕ್ಕ ಸುಳ್ಳು ಹೇಳ್ಲಿ ಬಿಡ್ರಿ. ಬಾಜೂ ಮನ್ಯಾಕಿಗಾದ್ರೂ ಖರೇ ಹೇಳಬೇಕಿತ್ತು.”

ಹೊರಗೆ ಹೆಂಗಸರು ನಗುತ್ತಿದ್ದರು. ಗಂಗಾಬಾಯಿ ಮತ್ತೆ ಸುಲಿಯತೊಡಗಿದರು. ನಾನು ಒಂದು ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿ, ಸಿಪ್ಪೆಯನ್ನು ಬುಟ್ಟಿಗೆ ಹಾಕಿದೆ. ಅವರು ಅದನ್ನು ಆರಿಸಿ ತೆಗೆದು, “ಇವತ್ತ ಅಕ್ಕೋರ ಧ್ಯಾನ ಇಂಗ್ಲೆಂಡಿನಾಗ ಅದ” ಎಂದರು.

ನಾವು ಜಗಳವಾಡಿ ಬೇರೆಯಾದವರಲ್ಲ ಎಂಬುದನ್ನು ನೀವೂ ಒಪ್ಪುತ್ತೀರಿ. ಎರಡನೆಯ ಮಗುವೂ ಉಳಿಯದೆ ನಾನು ಆಸ್ಪತ್ರೆಯಿಂದ ಜೇವರ್ಗಿಯ ಮನೆಗೆ ಬಂದಾಗ ತೊಟ್ಟಿಲು ಇರಲಿಲ್ಲ. ಯಾರಿಗೋ ಕೊಟ್ಟುಬಿಟ್ಟಿದ್ದಿರಿ. ನನಗೆ ಕಾಣದಿರಲಿ ಎಂದು ಕೊಟ್ಟಿರಿ ಎಂಬುದು ಈಗ ಹೊಳೆಯುತ್ತದೆ. ಆಗ ನನ್ನನ್ನು ಕೇಳಲಿಲ್ಲ ಎಂಬುದೊಂದೇ ಕಂಡಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ವರ್ಷದ ಮಟ್ಟಿಗೆ ಆಳಂದದ ಶಾಲೆಗೆ ಹೋಗುತ್ತೇನೆ ಎಂದೆ. ನೀವು ಬೇಡ ಎನ್ನಲಿಲ್ಲ. ಚೀಲವನ್ನು ಬಸ್ಸಿಗೆ ಏರಿಸಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಟವೆಲು ಹಾಕಿ ಹಿಡಿದು ಕೊಟ್ಟಿರಿ. ನಾನು ಬರಲಿಲ್ಲ, ನೀವು ಕರೆಯಲಿಲ್ಲ.

ಅತ್ತೆ ವತ್ಸಲಾಬಾಯಿಯವರು ತೀರಿಕೊಂಡ ಸುದ್ದಿಯನ್ನು ನಾಗರತ್ನಾ ತಡವಾಗಿ ತಿಳಿಸಿದಳೆಂದು ನೀವು ಭಾವಿಸಿರಬಹುದು. ಅವಳು ಅದೇ ದಿನ ಮಧ್ಯಾಹ್ನ ಫೋನು ಮಾಡಿದ್ದಳು. ಹೊರಡಬಹುದಿತ್ತು. ಎಲ್ಲಿಗೆ ಎಂದು ಗಂಗಾಬಾಯಿ ಕೇಳಿದರೆ ಏನು ಹೇಳಲಿ ಎಂದು ಹೊರಡಲಿಲ್ಲ. ತಲೆಗೆ ತಣ್ಣೀರು ಸುರಿದುಕೊಂಡೆ. ಅಷ್ಟೇ ವತ್ಸಲಾಬಾಯಿಯವರಿಗೆ ನಾನು ಮಾಡಿದ್ದು. ಹೊತ್ತಲ್ಲದ ಹೊತ್ತಿನಲ್ಲಿ ಸ್ನಾನ ಯಾಕೆ ಎಂದು ಗಂಗಾಬಾಯಿ ಕೇಳಿದರು. ತಲೆನೋವು ಎಂದೆ. ಶುಂಠಿ ಅರೆದು ತಂದು ತಾವೇ ಹಣೆಗೆ ಹಚ್ಚಿದರು.

ಬುಧವಾರ ವಿದ್ಯಾವತಿ ಅಂಗಳದಲ್ಲಿ ಕುಳಿತು ಕೇಳುತ್ತಾಳೆ. ಗಂಗಾಬಾಯಿ ಪಕ್ಕದಲ್ಲೇ ಇರುತ್ತಾರೆ. ಮದುವೆಯಾಗಿದೆ, ಗಂಡ ಅಫಜಲಪುರದಲ್ಲಿದ್ದಾರೆ, ಬೇರೆ ಇದ್ದೇವೆ ಎಂದು ಬರೆಸಲು ತೀರ್ಮಾನಿಸಿದ್ದೇನೆ. ನಿಮ್ಮ ಬಾಗಿಲಿಗೂ ಯಾರೋ ಬಂದು ಇದೇ ಪ್ರಶ್ನೆ ಕೇಳುತ್ತಾರೆ. ನೀವು ಏನು ಬರೆಸಬೇಕೆಂದು ನಾನು ಹೇಳಲಾರೆ. ಹೆಂಡತಿ ಸತ್ತಳೆಂದು ಬರೆಸಲು ಜೋಸೆಫ್ ಹತ್ತು ವರ್ಷ ತಡೆದ, ನೀವು ಹದಿನೇಳು ವರ್ಷ ತಡೆದಿದ್ದೀರೋ ಇಲ್ಲವೋ ನನಗೆ ತಿಳಿಯದು. ನಾನು ಬದುಕಿದ್ದೇನೆ ಎಂಬುದು ಮಾತ್ರ ನನ್ನ ಕೈಬರಹದಲ್ಲೇ ನಿಮಗೆ ತಲುಪಲಿ.

ಮೊಣಕಾಲಿಗೆ ಬಿಸಿ ಎಳ್ಳೆಣ್ಣೆ ಹಚ್ಚಿ. ಸೌಟು ಹಿಡಿದು ಬಹಳ ಹೊತ್ತು ನಿಲ್ಲಬೇಡಿ.

ಇಂತಿ,
ವೃಂದಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಗಂಗಾಬಾಯಿ ತಾವಾಗಿ ಏನನ್ನೂ ತಿಳಿದುಕೊಳ್ಳಲಿಲ್ಲ. ಅದಕ್ಕೂ ಮೊದಲು ಎರಡು ಮನೆಗಳಲ್ಲಿ ನಿಜ ಹೇಳಿದ್ದೆ, ಗಂಡನನ್ನು ಬಿಟ್ಟು ಬಂದವಳಿಗೆ ಕೋಣೆ ಇಲ್ಲ ಎಂದಿದ್ದರು. ಮೂರನೆಯ ಮನೆಗೆ ಹೋಗುವ ಮುಂಚೆ ಬಸ್ ನಿಲ್ದಾಣದ ನಲ್ಲಿಯಲ್ಲಿ ಹಣೆ ತೊಳೆದು, ತಾಳಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಗಂಗಾಬಾಯಿ ಕೇಳಿದಾಗ, ಹೃದಯಾಘಾತ, ಹೋದ ಮಾರ್ಗಶಿರದಲ್ಲಿ ಎಂದೆ. ಅವರು ನನ್ನ ಕೈ ಹಿಡಿದು ಅತ್ತರು.

ಅಂದಿನಿಂದ ಪ್ರತಿ ವರ್ಷ ಹಿರಿಯರ ಅಮಾವಾಸ್ಯೆಗೆ ಚಂದಪ್ಪನವರ ಎಡೆಯ ಪಕ್ಕದಲ್ಲಿ ನಿಮಗೂ ಒಂದು ಎಡೆ ಹಾಕುತ್ತಾರೆ. ಎಡೆ ಇಡುವಾಗ ಹೆಸರು ಹೇಳಬೇಕು. ಮೊದಲ ವರ್ಷ ಕೇಳಿದರು, ಹೇಳಿದೆ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ ಮೇಲೆ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರಿಗೆ ಏನು ಇಷ್ಟವಿತ್ತು ಎಂದೂ ಕೇಳಿದರು. ಅದಕ್ಕೆ ಮಾತ್ರ ನಿಜ ಹೇಳಿದೆ. ಹದಿನಾರು ವರ್ಷದಿಂದ ಗಂಗಾಬಾಯಿ ನಿಮಗಾಗಿ ಶೇಂಗಾ ಹೋಳಿಗೆ ಮಾಡುತ್ತಿದ್ದಾರೆ, ಅಂಚು ಗರಿಯಾಗುವಂತೆ.

ಬುಧವಾರದವರೆಗೆ ಕಾಯುವುದಿಲ್ಲ. ವಿದ್ಯಾವತಿಯ ಮುಂದೆ ಗಂಗಾಬಾಯಿಗೆ ಅದು ಮೊದಲ ಸಲ ಗೊತ್ತಾಗಬಾರದು. ನಾಡಿದ್ದು ಭಾನುವಾರ, ಭಾಗ್ಯಾ ತವರಿಗೆ ಹೋಗುತ್ತಾಳೆ, ಮನೆಯಲ್ಲಿ ನಾವಿಬ್ಬರೇ. ಒಳಮನೆಯಲ್ಲಿ ಅವರೆದುರು ಕುಳಿತು ಹೇಳುತ್ತೇನೆ. ಆಮೇಲೆ ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ. ಲಕೋಟೆಯ ಹಿಂಬದಿಯಲ್ಲಿ ನನ್ನ ವಿಳಾಸದ ಜಾಗವನ್ನು ಈಗ ಖಾಲಿ ಬಿಟ್ಟಿದ್ದೇನೆ. ಭಾನುವಾರದ ನಂತರ ಅದು ಇದೇ ಮನೆಯದಾಗಿರುತ್ತದೆಯೇ ಎಂಬುದು ಗಂಗಾಬಾಯಿಗೆ ಬಿಟ್ಟದ್ದು.