ಪೊರೆ ಬಿಡದ ಕಿಣ್ವ

ಕಕ್ಕಬೆ
೨೭ ಮೇ ೧೯೫೮

ಪ್ರೀತಿಯ ನನ್ನವರಿಗೆ,

ನಿಮ್ಮ ಕೆಮ್ಮು ಹೇಗಿದೆ? ಹೋಟೆಲಿನ ಊಟ ಬಿಟ್ಟು ಮನೆಯಲ್ಲಿ ಗಂಜಿಯಾದರೂ ಬೇಯಿಸಿಕೊಳ್ಳುತ್ತಿದ್ದೀರಾ? ನಾನೂ ಮಗುವೂ ಸೌಖ್ಯ. ಚಿನ್ನಿಗೆ ಮೊನ್ನೆ ಮೂರು ತಿಂಗಳು ತುಂಬಿತು. ನಗುವಾಗ ನಿಮ್ಮ ಹಾಗೆಯೇ ಒಂದು ಕಣ್ಣು ಸಣ್ಣದಾಗುತ್ತದೆ. ಬಾಣಂತಿ ಓದಿ ಬರೆದರೆ ಕಣ್ಣು ಹಾಳಾಗುತ್ತದೆ ಎಂದು ಅವ್ವ ನನ್ನ ಪೆನ್ನು ಎತ್ತಿಟ್ಟಿದ್ದಾಳೆ. ಇದು ಪೆನ್ಸಿಲ್ಲು, ಅಕ್ಷರ ಮಸುಕಾಗಿದ್ದರೆ ಅವಳನ್ನೇ ಬೈಯಿರಿ.

ದಿನವೂ ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹುಯ್ದು ಮಲಗಿಸುತ್ತಾಳೆ. ಆ ಮಂಪರಿನಲ್ಲಿ ಕಣ್ಣು ಮುಚ್ಚಿದರೆ ಕಾಣುವುದು ನಮ್ಮ ಪ್ರಯೋಗಶಾಲೆಯ ಜೀವಕೋಶಗಳೇ. ನಾನೂ ಅಷ್ಟೇ ಸಣ್ಣವಳಾಗಿ ಒಂದರ ಪೊರೆಯ ಮೇಲೆ ನಡೆಯುತ್ತಿರುತ್ತೇನೆ. ಕಾಲ ಕೆಳಗೆ ತೆಳ್ಳನೆಯ ಕೊಬ್ಬಿನ ಪದರ, ಮೆಲ್ಲಗೆ ತೂಗುತ್ತದೆ. ಅಲ್ಲಲ್ಲಿ ನಮ್ಮ ಕಿಣ್ವ, ಆ ಹಟಮಾರಿ ಪ್ರೋಟೀನು, ಕೂತಿರುತ್ತದೆ. ಕೈಹಿಡಿದು ಎಳೆದರೂ ಏಳುವುದಿಲ್ಲ. ಉಪ್ಪುನೀರಿನಲ್ಲಿ ಎಷ್ಟು ತೊಳೆದರೂ ಅದು ಪೊರೆ ಬಿಟ್ಟು ಬರುತ್ತಿಲ್ಲ, ಪ್ರೊಫೆಸರರೂ ಬೇಸತ್ತಿದ್ದಾರೆ ಎಂದು ಬರೆದಿದ್ದಿರಿ. ಎರಡು ವರ್ಷ ಅದೇ ಬೆಂಚಿನಲ್ಲಿ ಅದನ್ನೇ ತೊಳೆದವಳು ನಾನು, ಓದಿ ಸಂಕಟವಾಯಿತು. ಕಾಗದದ ಕೊನೆಗೆ, ಮಗು ಸಣ್ಣದು, ಒಂದು ವರ್ಷ ಅಲ್ಲೇ ಇರು, ನಿನ್ನ ಕೆಲಸವನ್ನು ನಾನೇ ಮುಗಿಸುತ್ತೇನೆ ಎಂದೂ ಬರೆದಿದ್ದಿರಿ. ಪ್ರೀತಿಯಿಂದಲೇ ಬರೆದದ್ದು, ಗೊತ್ತು. ಆದರೂ ಅವತ್ತು ಅತ್ತುಬಿಟ್ಟೆ.

ಮೊನ್ನೆಯ ಕಥೆ ಕೇಳಿ. ಬಾಣಂತಿಗೆ ಹಲಸು ಕೊಡುವುದಿಲ್ಲವಲ್ಲ, ಅವ್ವ ತೋಟಕ್ಕೆ ಹೋದ ಹೊತ್ತು ನೋಡಿ ಕದ್ದು ನಾಲ್ಕು ಸೊಳೆ ಬಿಡಿಸಿದೆ. ಕೈಗೆ ಎಣ್ಣೆ ಹಚ್ಚದೆ ಹಲಸು ಮುಟ್ಟಿದ ಕೊಡಗಿನವಳು ನಾನೊಬ್ಬಳೇ ಇರಬೇಕು. ಬೆರಳೆಲ್ಲ ಮೇಣ. ಪ್ರಯೋಗಶಾಲೆಯ ಅಭ್ಯಾಸ ನೋಡಿ, ನೀರು ಹಾಕಿದೆ, ಉಪ್ಪು ಹಾಕಿದೆ, ಬೂದಿ ಹಾಕಿ ಉಜ್ಜಿದೆ. ಅಷ್ಟರಲ್ಲಿ ಅವ್ವ ಬಂದಳು. "ಅದ್ ನೀರ್‌ಲಿ ಹೋದ್ಲೆ, ಎಣ್ಣೆ ಹಚ್ಚ್" ಎಂದು, ನೀರಿಗೆ ಹೋಗದ ಮೇಣಕ್ಕೆ ನೀರು ಸುರಿದದ್ದಕ್ಕೆ ಬೈಯುತ್ತಲೇ ತೆಂಗಿನೆಣ್ಣೆ ಸವರಿದಳು. ಮೇಣ ಸುಮ್ಮನೆ ಜಾರಿತು. ನಾನು ಕೈ ನೋಡುತ್ತಾ ನಿಂತೇಬಿಟ್ಟೆ. ನಮ್ಮ ಕಿಣ್ವಕ್ಕೂ ಒಂದು ಕೊಬ್ಬಿನ ಬಾಲವಿರಬೇಕು, ಅದನ್ನು ಪೊರೆಯ ಕೊಬ್ಬಿನೊಳಗೆ ಊರಿ ಕೂತಿರಬೇಕು. ಉಪ್ಪುನೀರಿಗೆ ಆ ಬಾಲ ಸಿಗುವುದೇ ಇಲ್ಲ. ಕೊಬ್ಬನ್ನು ಸಡಿಲಿಸುವ ಬ್ಯೂಟನಾಲ್ ಹಾಕಿ, ತಣ್ಣಗಿಟ್ಟು ಕುಲುಕಿದರೆ ಕಿಣ್ವ ಕೆಡದೆ ನೀರಿಗೆ ಬಂದೀತು. ಇದು ಬರೀ ಊಹೆ. ಆದರೆ ಅವತ್ತಿನಿಂದ ಮಂಪರಿನಲ್ಲಿ ಆ ಕಿಣ್ವಗಳು ಒಂದೊಂದಾಗಿ ಪೊರೆ ಬಿಟ್ಟು, ನಿಧಾನವಾಗಿ ತೇಲಿಹೋಗುವುದು ಕಾಣುತ್ತಿದೆ.

ಅವ್ವನ ಹೆಜ್ಜೆ ಕೇಳಿಸುತ್ತಿದೆ. ಕೊರಳಿಗೆ ಮಫ್ಲರ್ ಸುತ್ತಿಕೊಳ್ಳದೆ ಹೊರಗೆ ಹೋಗಬೇಡಿ. ಚಿನ್ನಿಯ ಮುತ್ತುಗಳು ನಿಮಗೆ, ಸ್ನೇಹಿತರಿಗೆಲ್ಲ ನನ್ನ ನಮಸ್ಕಾರ.

ನಿಮ್ಮ
ಯಮುನ

ತಾ.ಕ.: ಬ್ಯೂಟನಾಲ್ ಸೀಸೆ ಮುಟ್ಟಬೇಡಿ, ಅದನ್ನು ನಾನೇ ಮಾಡುತ್ತೇನೆ. ಸೋಮವಾರ ಕೆಲಸಕ್ಕೆ ಬರುತ್ತೇನೆಂದು ಪ್ರೊಫೆಸರರಿಗೆ ಬರೆದ ಕಾಗದ ನಿನ್ನೆಯೇ ಟಪಾಲಿಗೆ ಹೋಯಿತು. ಅವ್ವನಿಗೆ ಇವತ್ತು ಸಂಜೆ ಹೇಳುತ್ತೇನೆ. ಭಾನುವಾರ ಬಸ್ಸಿನ ಹತ್ತಿರ ಬನ್ನಿ. ಬೆಳಗಿನ ಹೊತ್ತು ಚಿನ್ನಿ ನಿಮಗೆ, ಬೆಂಚು ನನಗೆ.