ಕದಿರಮ್ಮನ ನಮಸ್ಕಾರ

ಸಾದಲಿ
11-8-1963

ಅಮ್ಮಾ,

ಕಾಗದದ ಮೊದಲಿಗೆ ನಮಸ್ಕಾರ ಎಂದು ಬರೆಯುವುದು ರೂಢಿ. ಆ ಮಾತು ಬರೆಯಲು ನನಗೀಗ ನಾಚಿಕೆ. ಸಂಕ್ರಾಂತಿಯ ದಿನ ನೀನು ಊಟ ಮಾಡದೆ ಚಿಂತಾಮಣಿ ಬಸ್ಸು ಹತ್ತಿದೆಯಲ್ಲ, ಅಂದಿನಿಂದ ಒಂದು ಸಾಲೂ ಬರೆಯದ ಮಗಳು ಇವತ್ತು ಬರೆಯುತ್ತಿದ್ದೇನೆ.

ಅಂದು ನಮ್ಮ ಕದಿರಮ್ಮ ಏಳು ತಿಂಗಳ ಕೂಸು. ನಿದ್ದೆಯಿಂದ ಎದ್ದವಳು ನನ್ನ ಮಡಿಲಲ್ಲೇ ಕದಿರಿ ನರಸಿಂಹಸ್ವಾಮಿಯ ಪಟದ ಮುಂದೆ ತಲೆ ಬಗ್ಗಿಸಿ ಎರಡೂ ಕೈ ಮುಂದಕ್ಕೆ ತಂದಳು. ಮತ್ತೆ ಮತ್ತೆ, ಹತ್ತು ಹನ್ನೆರಡು ಸಲ. ಅತ್ತೆ ಕರ್ಪೂರ ಹಚ್ಚಿದರು. ನೀನೊಬ್ಬಳೇ, “ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ. ಮಗೂ ಕಣ್ಣು ಎತ್ಲಾಗೋ ಹೋಗ್ತವೆ, ಡಾಕ್ಟ್ರಿಗೆ ತೋರ್ಸು” ಎಂದೆಯಲ್ಲ. ಮೊಮ್ಮಗಳ ಮಹಿಮೆ ಕಂಡು ನಿನಗೆ ಹೊಟ್ಟೆಕಿಚ್ಚು ಎಂದು ನಾನು ಎಲ್ಲರೆದುರಿಗೆ ಅಂದೆ.

ಆಮೇಲೆ ಐದು ತಿಂಗಳು, ರೇಷ್ಮೆಹುಳು ಮೇಯಿಸುವವರೆಲ್ಲ ಹೊಸ ಮೊಟ್ಟೆ ತರುವ ಮುಂಚೆ ಮಗುವಿನ ನಮಸ್ಕಾರ ನೋಡಿಕೊಂಡು ಹೋಗುತ್ತಿದ್ದರು. ಗೂಡು ಚೆನ್ನಾಗಿ ಬಂದರೆ ಅವಳ ಹೆಸರು ಹೇಳುತ್ತಿದ್ದರು. ಅವಳು ಮಾತ್ರ ಕತ್ತು ನಿಲ್ಲಿಸುವುದನ್ನು ಮರೆತಳು. ನಗುವುದನ್ನೂ ಮರೆತಳು.

ಜೂನ್‌ನಲ್ಲಿ ಒಂದೇ ದಿನ ನೂರು ಸಲ ಬಗ್ಗಿ ಮೈ ನೀಲಿಗಟ್ಟಿದಾಗ ನಿನ್ನ ಅಳಿಯ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಇದು ಎಳೆಗೂಸುಗಳಿಗೆ ಬರುವ ಕೆಟ್ಟ ಜಾತಿಯ ಫಿಟ್ಸು, ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರಮ್ಮ ಕೇಳಿದರು. ಹದಿನೈದು ದಿನ ಎಂದೆ. ನಿನ್ನ ಅಳಿಯ ತಲೆ ತಗ್ಗಿಸಿ ನಿಜ ಹೇಳಿದರು.

ಅಲ್ಲೇ ಇದ್ದು ಮಗುವಿಗೆ ಐದು ವಾರ ದಿನಾ ಸೂಜಿ ಹಾಕಿಸಿಕೊಂಡು ಬಂದೆವು. ಈಗ ಬಗ್ಗುವುದು ದಿನಕ್ಕೆ ಎರಡು ಮೂರು ಸಲಕ್ಕೆ ಇಳಿದಿದೆ. ಆದರೆ ಮರೆತದ್ದನ್ನೆಲ್ಲ ಮೊದಲಿನಿಂದ ಕಲಿಸಬೇಕು. ದಿನಕ್ಕೆ ಆರು ಸಲ, ಸಲಕ್ಕೆ ಅರ್ಧ ಗಂಟೆ. ಸುತ್ತಿದ ಕಂಬಳಿಯ ಮೇಲೆ ಬೋರಲು ಮಲಗಿಸಿ ಕತ್ತೆತ್ತಿಸಬೇಕು, ಕೆಂಪು ಬಟ್ಟೆ ಆಡಿಸಿ ಕಣ್ಣು ತಿರುಗಿಸಬೇಕು. ಕೂರಿಸಿ, ಎರಡು ಕೈ ಎದೆಯ ಮುಂದೆ ಸೇರಿಸಿ ಏನಾದರೂ ಹಿಡಿಸಬೇಕು. ನಾನು ರೇಷ್ಮೆಗೂಡು ಹಿಡಿಸುತ್ತೇನೆ. ಕೈ ಸೇರಿಸುವುದನ್ನೇ ಅವಳಿಗೆ ಕಲಿಸಬೇಕಾಗಿದೆ, ನೋಡಮ್ಮ. ಒಬ್ಬರು ಬೆನ್ನು ಹಿಡಿಯಬೇಕು, ಇನ್ನೊಬ್ಬರು ಕೈ. ಈ ಒಂದು ವರ್ಷದಲ್ಲಿ ಎಷ್ಟು ಕಲಿಸುತ್ತೀರೋ ಅಷ್ಟೇ ದಕ್ಕೀತು ಎಂದಿದ್ದಾರೆ ಡಾಕ್ಟರಮ್ಮ. ಅತ್ತೆ ಮಗುವನ್ನು ಮುಟ್ಟುವುದಿಲ್ಲ. ದೇವರು ಬಿಟ್ಟುಹೋದ ಕೂಸಂತೆ.

ಬಾ ಎಂದು ಕರೆಯುವ ಮುಖ ನನಗಿಲ್ಲ. ಆದರೂ ಕರೆಯುತ್ತಿದ್ದೇನೆ. ನನ್ನನ್ನು ಮಾತಾಡಿಸದಿದ್ದರೂ ಸರಿ, ಅವಳ ಬೆನ್ನು ಹಿಡಿದುಕೋ. ನಿನ್ನೆ ಗೂಡನ್ನು ನಾಲ್ಕು ಎಣಿಸುವಷ್ಟು ಹೊತ್ತು ಹಿಡಿದಿದ್ದಳು.

ನಿನ್ನ ಬಾಯಿಗೆ ಅನ್ನ ತಪ್ಪಿಸಿದ ಮಗಳು,
ವೆಂಕಟರತ್ನ

ತಾ. ಕ.: ಪಾಪ, ರತ್ನನಿಗೆ ತಿಳಿಯಲಿಲ್ಲ ಎಂದು ನೀನು ಎಲ್ಲರಿಗೂ ಹೇಳುತ್ತಿದ್ದೀಯಂತೆ. ಹಾಗೆ ಹೇಳಬೇಡಮ್ಮ. ಬರಿಗೋಡೆಯ ಕಡೆ ಮುಖವಿದ್ದಾಗಲೂ ಮಗು ಹೀಗೇ ಬಗ್ಗುತ್ತಿತ್ತು, ನಿದ್ದೆಯಿಂದ ಎದ್ದೊಡನೆ ಇನ್ನೂ ಹೆಚ್ಚು. ನೀನು ಬರುವ ಮುಂಚೆಯೇ ನೋಡಿದ್ದೆ. ಎರಡು ಬಸಿರು ಇಳಿದುಹೋದ ನನ್ನನ್ನು ಅತ್ತೆ ಆಗಷ್ಟೇ ‘ತಾಯೀ’ ಎಂದು ಕರೆಯತೊಡಗಿದ್ದರು. ಜನ ಬರುವ ಹೊತ್ತಿಗೆ ಮಗುವನ್ನು ಎಬ್ಬಿಸಿ, ಪಟದ ಕಡೆ ತಿರುಗಿಸಿ ಕೂರಿಸುತ್ತಿದ್ದವಳು ನಾನೇ.