ಕೌದಿಯ ನಡುವಿನ ಖಾಲಿ ಚೌಕ

ದಿವ್ಯಾ,

ಕೂಸಿನ ಕೌದಿಗೆಂದು ಹರಿದ ಸೀರೆಗಳನ್ನು ಹಿಂಡಿ ಒಣಹಾಕುತ್ತಿದ್ದವಳು ಅರ್ಧಕ್ಕೆ ಬಿಟ್ಟು ಹೊರಟಿದ್ದೇನೆ. ಉಳಿದದ್ದನ್ನು ನಿನ್ನ ಗಂಡ ತಾರಸಿಗೆ ಒಯ್ಯಲಿ. ಈ ಹೊಟ್ಟೆ ಹೊತ್ತುಕೊಂಡು ನೀನು ಮೆಟ್ಟಿಲು ಹತ್ತಬೇಡ. ಬಸ್ಸಾರು ಬಿಸಿ ಮಾಡಿಕೊಂಡು ಉಣ್ಣು.

ಜಯನಗರದಿಂದ ತಂದ ಹೊಸ ಬಟ್ಟೆ ವಾಪಸ್ ಕೊಟ್ಟುಬಿಡು. "ಮಗುಗೆ ಹಳೇ ಸೀರೆನಾ ಅತ್ತೆ?" ಅಂತ ಮೂಗು ಮುರಿದೆಯಲ್ಲ, ನೂರು ಸಲ ಒಗೆದ ಸೀರೆಯಷ್ಟು ಮೆತ್ತನೆಯದು ಯಾವ ಅಂಗಡಿಯಲ್ಲಿದೆ ಹೇಳು!

ಈವರೆಗೆ ಹೊಲಿದ ಕೌದಿಯ ನಡುವೆ ಒಂದು ಚೌಕ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಏನೂ ಹೊಲಿಯಬೇಡ, ಅದು ನಿನ್ನ ಅಮ್ಮನ ಸೀರೆಗೆ. ಮದುವೆಯ ದಿನ ಮುನಿಸಿಕೊಂಡ ಬೀಗಿತ್ತಿಯರು ನಾವು. ಮೊದಲು ಅವರು ಮಾತಾಡಲಿ ಅಂತ ನಾನು, ನಾನು ಮಾತಾಡಲಿ ಅಂತ ಅವರು. ಕೂಸು ಅಲ್ಲಿಯವರೆಗೆ ಕಾಯುತ್ತದೆಯೇ?

ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಸೊಟ್ಟ ಅಕ್ಷರದಲ್ಲಿ ಯುಗಾದಿಗೇ ಅವರಿಗೆ ಬರೆದು, ಕಳಿಸದೆ ಇಟ್ಟ ಕಾಗದವೊಂದಿತ್ತು: "ಬೀಗಿತ್ತಿಯವರೇ, ನಿಮ್ಮದೊಂದು ಹಳೇ ಸೀರೆ ಬೇಕು. ಯಾರ ಕೈಲೂ ಕಳಿಸಬೇಡಿ, ನೀವೇ ತನ್ನಿ. ಇಬ್ಬರೂ ಕೂತು ಹೊಲಿಯೋಣ."

ನನ್ನ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ, ಅವರಿಗೂ ಕಾಣದು. ಎರಡು ಸೂಜಿಗೆ ದಾರ ಪೋಣಿಸಿಡು. ನಾನು ತ್ಯಾಗರಾಜನಗರದ ಅಂಚೆ ಡಬ್ಬಿಗೆ ಆ ಕಾಗದ ಹಾಕಿ ಬರುತ್ತೇನೆ.

ನಿನ್ನ ಅತ್ತೆ